ಮರೆವಿರುವ ಅಪ್ಪನ ಜೇಬಿಗೆ ಜಿಪಿಎಸ್ ಟ್ರ್ಯಾಕರ್ ಹಾಕಬಹುದಾ? ಯಾವುದು ತಗೊಳ್ಳಲಿ?

ಖಂಡಿತ ಹಾಕಬಹುದು. ನಮ್ಮಪ್ಪನೂ ಹೀಗೇ, ದಾವಣಗೆರೆಯಲ್ಲಿ ದುಗ್ಗಮ್ಮನ ಗುಡಿಗೆ ಹೊರಟವರು ಪಿ.ಬಿ. ರಸ್ತೆಯಲ್ಲಿ ದಿಕ್ಕು ತೋಚದೆ ನಿಂತುಬಿಟ್ಟಿದ್ದರು.

ಬ್ಲೂಟೂತ್ ಟ್ಯಾಗ್ ಅಗ್ಗ ಅಂತ ಅದನ್ನು ತರಬೇಡಿ. ಅದರಲ್ಲಿ ಸಾಮಾನ್ಯವಾಗಿ ಜಿಪಿಎಸ್ಸೇ ಇರಲ್ಲ, ಹತ್ತಿರ ಯಾರದಾದರೂ ಫೋನ್ ಇದ್ದರಷ್ಟೇ ಜಾಗ ಗೊತ್ತಾಗುತ್ತೆ. ನಿಮಗೆ ಬೇಕಿರುವುದು ಸಿಮ್ ಹಾಕುವ 4ಜಿ ಟ್ರ್ಯಾಕರ್. ಉಪಗ್ರಹದ ಸಿಗ್ನಲ್‌ನಿಂದ ಜಾಗ ಲೆಕ್ಕ ಹಾಕಿ, ಸಿಮ್ ಮೂಲಕ ನಿಮ್ಮ ಫೋನಿಗೆ ಕಳಿಸುತ್ತೆ. ಬರೀ 2ಜಿ ಇರುವುದರಲ್ಲಿ ಜಿಯೋ ಸಿಮ್ ನಡೆಯಲ್ಲ. ಧೂಳು, ನೀರು ಒಳಗೆ ಹೋಗದಂತೆ ಐಪಿ67 ಅನ್ನೋ ರಕ್ಷಣೆಯ ಗುರುತು ಇರಲಿ. ನಿಮಿಷಕ್ಕೊಮ್ಮೆ ಜಾಗ ಕಳಿಸುವಂತೆ ಇಟ್ಟರೆ ಬ್ಯಾಟರಿ ಬೇಗ ಖಾಲಿ.

ಕಾನೂನಿನ ವಿಷಯಕ್ಕೆ ಬಂದರೆ, ಅಪ್ಪನಿಗೆ ಹೇಳಿ, ಒಪ್ಪಿಸಿಯೇ ಹಾಕಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಬೇರೆಯವರ ಗಾಡಿಗೆ, ಅದು ಹೆಂಡತಿಯದ್ದೇ ಆದರೂ, ಗುಟ್ಟಾಗಿ ಅಂಟಿಸೋದು ಮಾತ್ರ ಸುತರಾಂ ಬೇಡ. ಹೆಣ್ಣುಮಕ್ಕಳನ್ನು ಹಿಂಬಾಲಿಸಿ ಕಾಡುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂನಲ್ಲಿ ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲಿದೆ.

ಇನ್ನೊಂದು ಮಾತು. ಜೇಬಿಗೆ ಹಾಕಿದ್ದನ್ನು ನಮ್ಮಪ್ಪ ತೆಗೆದಿಟ್ಟುಬಿಡ್ತಿದ್ದರು. ಈಗ ಎಲೆ-ಅಡಿಕೆ ಸಂಚಿಯ ಒಳಮಡಿಕೆಯಲ್ಲಿ ಹೊಲಿದಿದ್ದೇವೆ. ಸಂಚಿ ಬಿಟ್ಟು ಅವರು ಹೊಸ್ತಿಲು ದಾಟಲ್ಲ.