ಸಂಪಾದಕರ ಉತ್ತರ: ಮರ್ಥರ್ ತಂಡ ಹುಟ್ಟಿದ್ದು ಯಾವಾಗ?

ಮಾನ್ಯ ಓದುಗರೇ,

ಭದ್ರಾವತಿಯಿಂದ ತಾವು ಬರೆದ ಪತ್ರ ತಲುಪಿತು. ವೇಲ್ಸ್‌ನ ಸಣ್ಣ ಊರುಗಳ ಫುಟ್‌ಬಾಲ್ ಕುರಿತು ನಾವು ಪ್ರಕಟಿಸಿದ್ದ ಲೇಖನವನ್ನು ತಾವು ಓದಿದ ಬಗೆ ಕಂಡು ಸಂತೋಷವಾಯಿತು, ಸ್ವಲ್ಪ ಮುಜುಗರವೂ ಆಯಿತು. ಮರ್ಥರ್ ಟಿಡ್ವಿಲ್ ಊರಿನ ತಂಡ 1908ರಲ್ಲಿ ಸ್ಥಾಪನೆಯಾಗಿ ಇಂದಿಗೂ ಆಡುತ್ತಿದೆ ಎಂದು ನಾವು ಬರೆದಿದ್ದೆವು. ಆದರೆ ಬೇರೆ ಕಡೆ ಹುಡುಕಿದಾಗ ಅದೇ ತಂಡ 1945ರಲ್ಲಿ ಹುಟ್ಟಿತೆಂದೂ ಇನ್ನೊಂದೆಡೆ 2010ರಲ್ಲಿ ಹುಟ್ಟಿತೆಂದೂ ತಮಗೆ ಸಿಕ್ಕಿದೆ. "ಒಂದು ಮಗುವಿಗೆ ಮೂರು ಜನನ ಪತ್ರ ಹೇಗೆ?" ಎಂದು ಕೇಳಿದ್ದೀರಿ. ಎರಡನೆಯದಾಗಿ, 1985ರ ನಂತರ ಇಂಗ್ಲೆಂಡಿನ ಕ್ಲಬ್‌ಗಳಿಗೆ ಯುರೋಪಿನ ಟೂರ್ನಿಗಳಲ್ಲಿ ನಿಷೇಧವಿದ್ದಾಗ, ಇಂಗ್ಲೆಂಡಿನ ಕೆಳ ಲೀಗ್ ಒಂದರಲ್ಲಿ ಆಡುತ್ತಿದ್ದ ಈ ತಂಡ 1987ರಲ್ಲಿ ಇಟಲಿಯ ಅಟಲಾಂಟಾ ವಿರುದ್ಧ ಆಡಿದ್ದಾದರೂ ಹೇಗೆ ಎಂಬುದು ತಮ್ಮ ಸಂಶಯ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಪತ್ರದ ಅಂಕಣದಲ್ಲಿ ನಾಲ್ಕು ಸಾಲಿನಲ್ಲಿ ಮುಗಿಸಲಾಗದ ಕಾರಣ ಈ ದೀರ್ಘ ಉತ್ತರ.

ಮೊದಲಿಗೆ ಹೆಸರಿನ ಮಾತು. ಲೇಖನದಲ್ಲಿ 'ಟಿಡ್ಫಿಲ್' ಎಂದು ಅಚ್ಚಾಗಿತ್ತು. ವೆಲ್ಶ್ ಭಾಷೆಯಲ್ಲಿ ಒಂಟಿ 'ಎಫ್' ಅಕ್ಷರಕ್ಕೆ ವಕಾರದ ಉಚ್ಚಾರಣೆ, ಆದ್ದರಿಂದ ಟಿಡ್ವಿಲ್ ಎಂಬುದೇ ಸರಿ. ಟಿಡ್ವಿಲ್ ಎಂಬವಳು ಐದನೆಯ ಶತಮಾನದಲ್ಲಿ ಅಲ್ಲಿ ಕೊಲೆಯಾದಳೆಂದು ಐತಿಹ್ಯವಿರುವ ರಾಜಕುಮಾರಿ, ಸಂತಳೆಂದು ಪೂಜೆಗೊಂಡವಳು. ಊರಿನ ಹೆಸರಿನಲ್ಲಿ ಹುತಾತ್ಮಳ ನೆನಪಿರುವುದರಿಂದಲೇ ತಂಡಕ್ಕೆ 'ಮಾರ್ಟರ್ಸ್', ಅಂದರೆ ಹುತಾತ್ಮರು, ಎಂಬ ಅಡ್ಡಹೆಸರು ಬಂದಿದೆ. ಪದೇ ಪದೇ ಸತ್ತು ಬದುಕಿದ ತಂಡಕ್ಕೆ ಈ ಹೆಸರು ಒಗ್ಗಿದಷ್ಟು ಬೇರೆ ಯಾವುದೂ ಒಗ್ಗಲಾರದು.

ಕಾರ್ಡಿಫ್‌ನ ಉತ್ತರಕ್ಕೆ, ಟ್ಯಾಫ್ ನದಿಯ ಕಣಿವೆಯ ಮೇಲ್ತುದಿಯಲ್ಲಿರುವ ಈ ಊರು ಕಬ್ಬಿಣದಿಂದ ಬೆಳೆದದ್ದು. ಕಬ್ಬಿಣದ ಊರಿನವರಾದ ತಮಗೆ ಊದುಕುಲುಮೆಯ ಬೆಳಕಿನಲ್ಲಿ ರಾತ್ರಿ ಹೇಗಿರುತ್ತದೆಂದು ನಾನು ಹೇಳಬೇಕಿಲ್ಲ. ಡೌಲೈಸ್, ಕವಾರ್ಥ್ವ, ಪ್ಲಿಮತ್, ಪೆನಿಡಾರೆನ್ ಎಂಬ ನಾಲ್ಕು ದೊಡ್ಡ ಕಾರ್ಖಾನೆಗಳು ಅಲ್ಲಿದ್ದವು, 1851ರ ಹೊತ್ತಿಗೆ ಸುಮಾರು 46,000 ಜನರಿದ್ದ ಮರ್ಥರ್ ವೇಲ್ಸ್‌ನ ಅತಿದೊಡ್ಡ ಪಟ್ಟಣವಾಗಿತ್ತು. ರಿಚರ್ಡ್ ಟ್ರೆವಿಥಿಕ್ ರೂಪಿಸಿದ ಹಬೆಯಂತ್ರ 1804ರ ಫೆಬ್ರವರಿ 21ರಂದು ಹತ್ತು ಟನ್ ಕಬ್ಬಿಣವನ್ನೂ ಬಂಡಿಗಳ ಮೇಲೆ ಹತ್ತಿ ಕುಳಿತ ಎಪ್ಪತ್ತು ಜನರನ್ನೂ ಎಳೆದುಕೊಂಡು ಕಂಬಿಯ ಮೇಲೆ ಸುಮಾರು ಹತ್ತು ಮೈಲಿ ಸಾಗಿದ್ದು ಪೆನಿಡಾರೆನ್ ಕಾರ್ಖಾನೆಯಿಂದಲೇ. ಇಬ್ಬರು ಕಾರ್ಖಾನೆ ಮಾಲೀಕರು ಕಟ್ಟಿದ್ದ ಐನೂರು ಗಿನಿಗಳ ಪಂಥ ಅದಕ್ಕೆ ಕಾರಣ, ತೆಗೆದುಕೊಂಡ ಸಮಯ ನಾಲ್ಕು ಗಂಟೆಗೂ ತುಸು ಹೆಚ್ಚು. ಜಗತ್ತಿನ ರೈಲು ಚರಿತ್ರೆಯ ಮೊದಲ ಪುಟದಲ್ಲಿರುವ ಆ ಪೆನಿಡಾರೆನ್ ಹೆಸರನ್ನೇ ತಂಡದ ಆಟದಂಗಳ ಇಂದಿಗೂ ಹೊತ್ತಿದೆ. ಕಳೆದ ಶತಮಾನದ ಆರಂಭದಲ್ಲಿ ಪೆನಿಡಾರೆನ್ ಪಾರ್ಕಿನ ನೆಲ ಅಗೆದಾಗ ಅದರಡಿ ರೋಮನ್ನರ ಕೋಟೆಯೊಂದರ ಅವಶೇಷ ಸಿಕ್ಕಿತು. ಮೂರು ಜನನ ಪತ್ರಗಳ ಒಗಟನ್ನು ಬಿಡಿಸಲು ಈ ನೆಲವನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾಗುತ್ತದೆ, ಅದಕ್ಕಾಗಿಯೇ ಇಷ್ಟು ಹೇಳಿದೆ.

1908ರಲ್ಲಿ ಹುಟ್ಟಿದ್ದು 'ಮರ್ಥರ್ ಟೌನ್'. ಮರುವರ್ಷ, ದಕ್ಷಿಣ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕ್ಲಬ್‌ಗಳಿದ್ದ ಸದರ್ನ್ ಲೀಗ್‌ನ ಎರಡನೇ ವಿಭಾಗ ಸೇರಿ, 1912ರಲ್ಲಿ ಮೊದಲ ವಿಭಾಗಕ್ಕೆ ಬಡ್ತಿ ಪಡೆಯಿತು. 1920ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಆ ವಿಭಾಗದ ತಂಡಗಳನ್ನು ತನ್ನ ಹೊಸ ಮೂರನೇ ಡಿವಿಜನ್ ಆಗಿ ಸೇರಿಸಿಕೊಂಡಾಗ ಮರ್ಥರ್ ಕೂಡ ಒಳಗೆ ಬಂತು. ಮೊದಲ ಋತುವಿನಲ್ಲಿ ಎಂಟನೇ ಸ್ಥಾನ. 1921ರ ಡಿಸೆಂಬರಿನಲ್ಲಿ ಮಿಲ್‌ವಾಲ್ ವಿರುದ್ಧದ ಪಂದ್ಯಕ್ಕೆ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆದರೆ ಪ್ರೇಕ್ಷಕರ ಜೇಬಿನಲ್ಲಿ ಟಿಕೆಟ್ಟಿನ ಹಣ ಇರುವುದು ಕುಲುಮೆ ಉರಿಯುವವರೆಗೆ ಮಾತ್ರ. ಮೊದಲ ಮಹಾಯುದ್ಧದ ನಂತರ ಕಲ್ಲಿದ್ದಲು ಮತ್ತು ಉಕ್ಕಿನ ಬೇಡಿಕೆ ಕುಸಿದು, 1926ರ ದೀರ್ಘ ಗಣಿ ಮುಷ್ಕರ ಮುಗಿದು, ಮನೆಮನೆಯಲ್ಲೂ ಕೆಲಸವಿಲ್ಲದವರು ಕಾಣಿಸಿಕೊಳ್ಳುವಂತಾದ ಮೇಲೆ ತಂಡವೂ ಸೊರಗಿತು. ಪಕ್ಕದ ಕಣಿವೆಯ ಅಬರ್‌ಡೇರ್ ಅಥ್ಲೆಟಿಕ್ 1927ರಲ್ಲೇ ಲೀಗ್‌ನಿಂದ ಹೊರಬಿದ್ದಿತ್ತು.

ಆ ಕಾಲದ ನಿಯಮ ಇಂದಿನ ಹಿಂಬಡ್ತಿಯಂಥದ್ದಲ್ಲ. ಡಿವಿಜನ್ನಿನ ಕೊನೆಯ ಎರಡು ಸ್ಥಾನದಲ್ಲಿ ಉಳಿದವರು ಉಳಿದ ಕ್ಲಬ್‌ಗಳ ಮುಂದೆ ಮರುಆಯ್ಕೆಗೆ ಅರ್ಜಿ ಹಾಕಿ ಮತ ಕೇಳಬೇಕಿತ್ತು. ಯಾರನ್ನು ಉಳಿಸಬೇಕು, ಯಾರನ್ನು ಕಳಿಸಬೇಕು ಎಂಬುದನ್ನು ಮೈದಾನದ ಬದಲು ಸಭಾಂಗಣದಲ್ಲಿ ತೀರ್ಮಾನಿಸುತ್ತಿದ್ದರು. 1930ರಲ್ಲಿ ಕೊನೆಯ ಸ್ಥಾನಕ್ಕಿಳಿದ ಮರ್ಥರ್‌ಗೆ ಮತ ಸಾಲಲಿಲ್ಲ. ಅದರ ಜಾಗ ಹೋದದ್ದು ಲಂಡನ್ನಿನ ಪೂರ್ವಭಾಗದ 'ಥೇಮ್ಸ್' ಎಂಬ ಹೊಸ ಕ್ಲಬ್ಬಿಗೆ. ಅದರ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಹೆಚ್ಚು ಜನರಿಗೆ ಜಾಗವಿತ್ತು. ಅದೇ ವರ್ಷ ಡಿಸೆಂಬರ್ 6ರಂದು ಲೂಟನ್ ವಿರುದ್ಧದ ಪಂದ್ಯ ನೋಡಲು ಅಲ್ಲಿಗೆ ಬಂದವರು 469 ಮಂದಿ! ಎರಡು ಋತು ಆಡಿ 1932ರಲ್ಲಿ ಥೇಮ್ಸ್ ಕ್ಲಬ್ ಅಂಗಡಿ ಮುಚ್ಚಿತು. ದೊಡ್ಡ ನಗರದ ಕ್ಲಬ್ ಎಂದರೆ ದೊಡ್ಡ ಗಲ್ಲಾಪೆಟ್ಟಿಗೆ ಎಂಬ ಲೆಕ್ಕಾಚಾರ ಎಷ್ಟು ದುಬಾರಿಯಾಗಬಹುದೆಂದು ಮತ ಹಾಕಿದ ಯಜಮಾನರಿಗೆ ಆಗಲಾದರೂ ತಿಳಿದಿರಬೇಕು.

ಅದೇ 1930ರಲ್ಲಿ ಡೌಲೈಸ್ ಉಕ್ಕಿನ ಕಾರ್ಖಾನೆಯ ಮುಖ್ಯ ಕೆಲಸವೂ ನಿಂತಿತು. ಸದರ್ನ್ ಲೀಗ್‌ಗೆ ಮರಳಿದ ಮರ್ಥರ್ ಟೌನ್ 1934ರಲ್ಲಿ ಮುಚ್ಚಿಹೋಯಿತು. ಎರಡು ವರ್ಷಗಳ ನಂತರ ರಾಜ ಎಂಟನೇ ಎಡ್ವರ್ಡ್ ಪಾಳುಬಿದ್ದ ಡೌಲೈಸ್ ಕಾರ್ಖಾನೆಯ ಮುಂದೆ ನಿಂತು, ಈ ಜನರಿಗೆ ಏನಾದರೂ ಮಾಡಲೇಬೇಕೆಂದು ಹೇಳಿದ. ಕೆಲವೇ ವಾರಗಳಲ್ಲಿ ಅವನೇ ಸಿಂಹಾಸನ ಬಿಟ್ಟು ಹೋದ.

ಆದ್ದರಿಂದ ನಮ್ಮ ಲೇಖನದ 'ಇಂದಿಗೂ' ಎಂಬ ಮಾತು ತಪ್ಪು. 1934ರಿಂದ 1945ರವರೆಗೆ ಈ ಊರಿಗೆ ಆ ತಂಡ ಇರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ವರ್ಷ ಹುಟ್ಟಿದ್ದು 'ಮರ್ಥರ್ ಟಿಡ್ವಿಲ್' ಎಂಬ ಬೇರೊಂದು ಕ್ಲಬ್. ಕಾನೂನಿನ ಪ್ರಕಾರ ಹಳೆಯದಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೆ ಆಡಿದ್ದು ಅದೇ ಪೆನಿಡಾರೆನ್ ಪಾರ್ಕಿನಲ್ಲಿ. ನನ್ನ ಅಭಿಪ್ರಾಯದಲ್ಲಿ ಇದರ ಮೊದಲ ಹತ್ತು ವರ್ಷಗಳೇ ಇಡೀ ಕಥೆಯ ಅತ್ಯಂತ ಸಮೃದ್ಧ ಭಾಗ. 1948, 1950, 1951, 1952 ಮತ್ತು 1954ರಲ್ಲಿ ಸದರ್ನ್ ಲೀಗ್ ಪ್ರಶಸ್ತಿ, ಅಂದರೆ ಏಳು ಋತುಗಳಲ್ಲಿ ಐದು. ವೆಲ್ಶ್ ಕಪ್ ಫೈನಲ್‌ನಲ್ಲಿ 1949ರಲ್ಲಿ ಸ್ವಾನ್ಸಿಯನ್ನೂ 1951ರಲ್ಲಿ ಕಾರ್ಡಿಫ್ ಸಿಟಿಯನ್ನೂ ಸೋಲಿಸಿದ ತಂಡ ಅದು. ಅಷ್ಟಾದರೂ ಫುಟ್‌ಬಾಲ್ ಲೀಗ್‌ನ ಬಾಗಿಲು ತೆರೆಯಲಿಲ್ಲ. ಹಿಂದೆ ಹೊರಹಾಕಿದ್ದು ಯಾವ ಮತದ ಪದ್ಧತಿಯೋ ಈಗ ಒಳಬಿಡದೆ ಇದ್ದದ್ದೂ ಅದೇ ಪದ್ಧತಿ. ಅಂಗಳದಲ್ಲಿ ಗೆದ್ದವನಿಗೆ ಬಡ್ತಿ ಸಿಗದ ವ್ಯವಸ್ಥೆಯನ್ನು ಕ್ರೀಡೆ ಎಂದು ಕರೆಯುವುದು ನನಗಂತೂ ಕಷ್ಟ.

ಇಟಲಿಯೊಂದಿಗೆ ಈ ಊರಿನ ನಂಟು 1987ಕ್ಕಿಂತ ಹಳೆಯದು. ಯುವೆಂಟಸ್‌ಗೆ 1957ರಿಂದ 1962ರವರೆಗೆ ಆಡಿ, ಇಟಲಿಯವರಿಂದ 'ಸೌಮ್ಯ ದೈತ್ಯ' ಎಂದು ಕರೆಸಿಕೊಂಡ ಸ್ವಾನ್ಸಿಯ ಜಾನ್ ಚಾರ್ಲ್ಸ್ 1970ರ ದಶಕದ ಆರಂಭದಲ್ಲಿ ಮರ್ಥರ್‌ನ ಮ್ಯಾನೇಜರ್ ಆಗಿದ್ದರು. ಟ್ಯೂರಿನ್‌ನಲ್ಲಿ ಮೂರು ಲೀಗ್ ಪ್ರಶಸ್ತಿ ಗೆದ್ದವರು ಕೆಳ ಲೀಗ್‌ನ ಕೆಸರಿನ ಅಂಗಳದ ಪಕ್ಕ ನಿಂತು ಆಟಗಾರರನ್ನು ಕೂಗಿ ಕರೆಯುತ್ತಿದ್ದ ದೃಶ್ಯ ಕಲ್ಪಿಸಿಕೊಳ್ಳಲು ಚೆನ್ನಾಗಿದೆ.

ಈಗ ತಮ್ಮ ಎರಡನೆಯ ಪ್ರಶ್ನೆ. 1985ರಲ್ಲಿ ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಅಭಿಮಾನಿಗಳ ಗಲಭೆಯಿಂದ ಪ್ರೇಕ್ಷಕರು ಸತ್ತ ದುರಂತದ ನಂತರ ನಿಷೇಧವಾದದ್ದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಕ್ಲಬ್‌ಗಳಿಗೆ. ವೇಲ್ಸ್‌ಗೆ ತನ್ನದೇ ಪ್ರತ್ಯೇಕ ಸಂಸ್ಥೆಯಿದೆ, ಅದರ ವೆಲ್ಶ್ ಕಪ್ ಗೆದ್ದ ವೇಲ್ಸ್‌ನ ತಂಡಕ್ಕೆ ಯುರೋಪಿನ ಕಪ್ ವಿಜೇತರ ಟೂರ್ನಿಯಲ್ಲಿ ಸ್ಥಾನ ಮೀಸಲಿತ್ತು, ಆ ತಂಡ ವಾರವಾರ ಯಾವ ದೇಶದ ಲೀಗ್‌ನಲ್ಲಿ ಆಡುತ್ತದೆಂಬುದು ಅಲ್ಲಿ ಲೆಕ್ಕಕ್ಕಿರಲಿಲ್ಲ. ಹೀಗಾಗಿ ಲಿವರ್‌ಪೂಲ್, ಎವರ್ಟನ್‌ಗಳು ಮನೆಯಲ್ಲಿ ಕುಳಿತಿದ್ದ ವರ್ಷಗಳಲ್ಲಿ ಬ್ಯಾಂಗರ್, ರೆಕ್ಸಮ್, ಮರ್ಥರ್, ಕಾರ್ಡಿಫ್, ಸ್ವಾನ್ಸಿ ತಂಡಗಳು ಸರದಿಯಂತೆ ಯುರೋಪಿಗೆ ಹೋಗಿ ಬಂದವು. ಮರ್ಥರ್ 1987ರ ವೆಲ್ಶ್ ಕಪ್ ಫೈನಲ್‌ನಲ್ಲಿ ನ್ಯೂಪೋರ್ಟ್ ಕೌಂಟಿಯೊಂದಿಗೆ 2-2ರ ಸಮ ಸಾಧಿಸಿ ಮರುಪಂದ್ಯವನ್ನು 1-0ಯಿಂದ ಗೆದ್ದಿತ್ತು.

ಸೆಪ್ಟೆಂಬರ್ 16ರ ಸಂಜೆ ಪೆನಿಡಾರೆನ್ ಪಾರ್ಕಿನ ಮೆಟ್ಟಿಲುಗಳು ಕಿಕ್ಕಿರಿದಿದ್ದವು. ಮರ್ಥರ್‌ನವರು ಅರೆಕಾಲಿಕ ಆಟಗಾರರು, ಎದುರಿಗಿದ್ದ ಅಟಲಾಂಟಾದವರು ಸ್ವೀಡನ್ನಿನ ಗ್ಲೆನ್ ಸ್ಟ್ರೋಂಬರ್ಗ್ ಇದ್ದ ಪೂರ್ಣಾವಧಿ ವೃತ್ತಿಪರರು. ಮೊದಲಾರ್ಧದಲ್ಲಿ ಮರ್ಥರ್‌ನ ಕೆವಿನ್ ರಾಜರ್ಸ್ ಗೋಲು ಹೊಡೆದರು. ವಿರಾಮಕ್ಕೆ ಮುಂಚೆ ಅಟಲಾಂಟಾದ ಪ್ರೋನ್ಯಾ ಸಮ ಮಾಡಿದರು. ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಅಂದುಕೊಳ್ಳುವ ಹೊತ್ತಿಗೆ, ಆಟ ಮುಗಿಯಲು ಏಳೆಂಟು ನಿಮಿಷವಿರುವಾಗ ಮರ್ಥರ್‌ನ ಕೆರಿ ವಿಲಿಯಮ್ಸ್ ಎರಡನೆಯ ಗೋಲು ಸೇರಿಸಿದರು. 2-1. ಎರಡು ವಾರದ ನಂತರ ಬೆರ್ಗಮೋದಲ್ಲಿ ಅಟಲಾಂಟಾ 2-0ಯಿಂದ ಗೆದ್ದು, ಒಟ್ಟು 3-2ರ ಲೆಕ್ಕದಲ್ಲಿ ಮುಂದೆ ಹೋಯಿತು.

ಇಲ್ಲಿ ತಮ್ಮ ಕಣ್ಣು ತಪ್ಪಿಸಿಕೊಂಡ ನಮ್ಮ ಇನ್ನೊಂದು ದೋಷವನ್ನು ನಾನೇ ಹೇಳಿಬಿಡುತ್ತೇನೆ. ಅಟಲಾಂಟಾವನ್ನು ನಮ್ಮ ಲೇಖನ 'ಇಟಲಿಯ ಅಗ್ರ ಲೀಗ್‌ನ ತಂಡ' ಎಂದಿತ್ತು. ಆ ಋತುವಿನಲ್ಲಿ ಅದು ಎರಡನೇ ದರ್ಜೆಯ ಸೀರೀ ಬಿ ಯಲ್ಲಿತ್ತು, ಲೀಗ್ ಮತ್ತು ಇಟಲಿಯ ಕಪ್ ಎರಡನ್ನೂ ಗೆದ್ದ ನಾಪೊಲಿಗೆ ಕಪ್ ಫೈನಲ್‌ನಲ್ಲಿ ಸೋತವರೆಂಬ ಕಾರಣದಿಂದ ಈ ಟೂರ್ನಿಗೆ ಬಂದಿತ್ತು. ಹಾಗೆಂದು ಮರ್ಥರ್‌ನ ಗೆಲುವಿನ ಬೆಲೆ ಕಡಿಮೆಯಾಗದು, ಏಕೆಂದರೆ ಅದೇ ಅಟಲಾಂಟಾ ಮುಂದೆ ಸೆಮಿಫೈನಲ್‌ವರೆಗೆ ಹೋಗಿ, ಕೊನೆಗೆ ಕಪ್ ಎತ್ತಿದ ಬೆಲ್ಜಿಯಂನ ಮೆಖೆಲೆನ್‌ಗೆ ಸೋತಿತು.

1989ರಲ್ಲಿ ಮರ್ಥರ್, ಫುಟ್‌ಬಾಲ್ ಲೀಗ್‌ಗಿಂತ ಒಂದೇ ಮೆಟ್ಟಿಲು ಕೆಳಗಿನ ಕಾನ್ಫರೆನ್ಸ್ ಲೀಗ್‌ಗೆ ಬಡ್ತಿ ಪಡೆದು ಆರು ವರ್ಷ ಅಲ್ಲಿತ್ತು. ಅಷ್ಟರಲ್ಲಿ ವೇಲ್ಸ್ ಸಂಸ್ಥೆ 1992ರಲ್ಲಿ ತನ್ನದೇ ರಾಷ್ಟ್ರೀಯ ಲೀಗ್ ಆರಂಭಿಸಿತು. ಸ್ವಂತ ಲೀಗ್ ಇಲ್ಲದ ದೇಶಕ್ಕೆ ಪ್ರತ್ಯೇಕ ತಂಡ ಏಕೆ ಎಂಬ ಪ್ರಶ್ನೆ ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಏಳಬಹುದೆಂಬ ಅಂಜಿಕೆ ಅದರ ಹಿಂದಿತ್ತು. ಇಂಗ್ಲೆಂಡಿನ ಲೀಗ್‌ಗಳಲ್ಲೇ ಉಳಿದ ಕ್ಲಬ್‌ಗಳಿಗೆ ವೆಲ್ಶ್ ಕಪ್ ಮೂಲಕ ಯುರೋಪಿಗೆ ಹೋಗುವ ದಾರಿ 1990ರ ದಶಕದ ಮಧ್ಯದಲ್ಲಿ ಮುಚ್ಚಿತು. ಹೀಗೆ ಉಳಿದವರಲ್ಲಿ ಇಂದು ಕಾರ್ಡಿಫ್, ಸ್ವಾನ್ಸಿ, ರೆಕ್ಸಮ್, ನ್ಯೂಪೋರ್ಟ್ ಜೊತೆಗೆ ಐದನೆಯದು ಮರ್ಥರ್.

ಮೂರನೆಯ ಜನನ ಪತ್ರಕ್ಕೆ ಬರೋಣ. ಸಾಲದ ಹೊರೆಯಿಂದ ಮರ್ಥರ್ ಟಿಡ್ವಿಲ್ ಕ್ಲಬ್ 2010ರಲ್ಲಿ ಸಮಾಪನೆಗೊಂಡಿತು. ಅಭಿಮಾನಿಗಳ ಸಂಘ ಅದೇ ಬೇಸಗೆಯಲ್ಲಿ ಹೊಸ ಕ್ಲಬ್ ಕಟ್ಟಿ, 1908ರವರು ಇಟ್ಟುಕೊಂಡಿದ್ದ 'ಮರ್ಥರ್ ಟೌನ್' ಎಂಬ ಹೆಸರನ್ನೇ ಮತ್ತೆ ಇಟ್ಟಿತು. ಒಬ್ಬ ಸದಸ್ಯನಿಗೆ ಒಂದು ಮತ. ಹಣವಂತನೊಬ್ಬ ಬಂದು ಇಡಿಯಾಗಿ ಕೊಂಡುಕೊಳ್ಳುವಂಥ ಕ್ಲಬ್ ಇದಲ್ಲ. ಮೂರು ಮೆಟ್ಟಿಲು ಕೆಳಗಿನ ವೆಸ್ಟರ್ನ್ ಲೀಗ್ ಮೊದಲ ವಿಭಾಗದಿಂದ ಅವರು ಆರಂಭಿಸಬೇಕಾಯಿತು. ಮೊದಲ ಋತುವಿನಲ್ಲಿ ಪೆನಿಡಾರೆನ್ ಪಾರ್ಕ್ ಕೂಡ ಕೈಯಲ್ಲಿರಲಿಲ್ಲ, ಕಣಿವೆಯ ಕೆಳಗಿನ ಟ್ಯಾಫ್ಸ್ ವೆಲ್ ಊರಿನ ಅಂಗಳದಲ್ಲಿ ತವರಿನ ಪಂದ್ಯಗಳನ್ನು ಆಡಿದರು. 2011ರಲ್ಲಿ ಹಳೆಯ ಅಂಗಳಕ್ಕೆ ಮರಳಿದರು, ಒಂದೊಂದೇ ಮೆಟ್ಟಿಲು ಹತ್ತಿದರು, 2025ರಲ್ಲಿ ಸದರ್ನ್ ಲೀಗ್‌ನ ದಕ್ಷಿಣ ಪ್ರೀಮಿಯರ್ ವಿಭಾಗ ಗೆದ್ದು ಇಂಗ್ಲೆಂಡಿನ ನ್ಯಾಷನಲ್ ಲೀಗ್‌ಗೆ ಬಡ್ತಿ ಪಡೆದರು. ದಕ್ಷಿಣ ವೇಲ್ಸ್‌ನ ಈ ತಂಡವನ್ನು ಅಲ್ಲಿ ಸೇರಿಸಿದ್ದು ಉತ್ತರ ವಿಭಾಗಕ್ಕೆ! ಲೀಗ್ ನಡೆಸುವವರ ಭೂಗೋಳವನ್ನು ಪ್ರಶ್ನಿಸುವ ಶಕ್ತಿ ನನಗಿಲ್ಲ, ಬಸ್ಸಿನಲ್ಲಿ ಗಂಟೆಗಟ್ಟಲೆ ಕೂರುವ ಅಭಿಮಾನಿಗಳ ಮೇಲೆ ಕನಿಕರವಂತೂ ಇದೆ.

ದಾಖಲೆ ನೋಡುವವರಿಗೆ ಇವು ಮೂರು ಸಂಸ್ಥೆಗಳು. ಹಳೆಯ ಕ್ಲಬ್‌ಗಳ ಸಾಲವಾಗಲಿ ಲೀಗ್‌ನ ಸ್ಥಾನವಾಗಲಿ ಹೊಸದಕ್ಕೆ ಬರಲಿಲ್ಲ. ಆದರೆ 1951ರ ಕಪ್ಪನ್ನೂ 1987ರ ಸಂಜೆಯನ್ನೂ ತಮ್ಮದೆಂದು ಹೇಳಿಕೊಳ್ಳಲು ಇಂದಿನ ಸದಸ್ಯರು ಯಾರ ಅಪ್ಪಣೆಯನ್ನೂ ಕೇಳಿಲ್ಲ, ಅದೇ ಅಂಗಳದಲ್ಲಿ ನಿಂತವರ ಮಕ್ಕಳು ಮೊಮ್ಮಕ್ಕಳು ಅವರು. ಪತ್ರಿಕೆಯವನಾಗಿ ನಾನು ಎರಡನ್ನೂ ಬೇರೆಬೇರೆಯಾಗಿ ಅಚ್ಚು ಹಾಕಬೇಕಿತ್ತು. ನಮ್ಮ ಲೇಖನದ ಎರಡನೇ ಪುಟದ ಸಾಲನ್ನು ದಯವಿಟ್ಟು ಹೀಗೆ ತಿದ್ದಿಕೊಳ್ಳಿ: "ಮರ್ಥರ್ ಟಿಡ್ವಿಲ್ ಊರಿನ ಪೆನಿಡಾರೆನ್ ಪಾರ್ಕಿನಲ್ಲಿ 1908ರಿಂದ 1934ರವರೆಗೆ ಮರ್ಥರ್ ಟೌನ್, 1945ರಿಂದ 2010ರವರೆಗೆ ಮರ್ಥರ್ ಟಿಡ್ವಿಲ್, 2011ರಿಂದ ಅಭಿಮಾನಿಗಳೇ ಒಡೆಯರಾದ ಈಗಿನ ಮರ್ಥರ್ ಟೌನ್ ಆಡುತ್ತ ಬಂದಿವೆ." ಅಟಲಾಂಟಾ ಕುರಿತ ತಿದ್ದುಪಡಿಯೊಂದಿಗೆ ಇದು ಮುಂದಿನ ಸಂಚಿಕೆಯ ಮೂರನೇ ಪುಟದಲ್ಲೂ ಬರುತ್ತದೆ.

ತಮ್ಮ ವಿಶ್ವಾಸಿ,
ಸಂಪಾದಕ