ಜರ್ಮನಿಯಲ್ಲಿ ಮೋಟಾರ್‌ಹೋಮ್‌ನಲ್ಲಿ (ಮಲಗಲು, ಅಡುಗೆ ಮಾಡಲು ಒಳಗೇ ಜಾಗ ಇರುವ ಗಾಡಿ) ಸುತ್ತುವಾಗ ರಾತ್ರಿ ರಸ್ತೆ ಬದಿಯಲ್ಲೇ ನಿಲ್ಲಿಸಿ ಮಲಗಬಹುದಾ?

ಮಲಗಬಹುದು. ಪಾರ್ಕಿಂಗ್‌ಗೆ ಅವಕಾಶ ಇರುವ ಜಾಗದಲ್ಲಿ, ಒಂದು ರಾತ್ರಿಯ ಮಟ್ಟಿಗೆ, ಗಾಡಿಯ ಒಳಗೇ. ಬೇಡ ಅನ್ನುವ ಬೋರ್ಡ್ ಇದ್ದರೆ ಮಾತ್ರ ಮುಂದೆ ಹೋಗಿ.

ಕಾರಣ ಇಷ್ಟೇ. ನಿದ್ದೆಗಣ್ಣಲ್ಲಿ ಗಾಡಿ ಓಡಿಸುವುದು ಅಪಾಯ. ಹಾಗಾಗಿ ಡ್ರೈವರ್ ದಣಿವಾರಿಸಿಕೊಳ್ಳಲು ಮಲಗಿದರೆ ಅದನ್ನು ಅಲ್ಲಿ ಪಾರ್ಕಿಂಗ್ ಎಂದೇ ನೋಡುತ್ತಾರೆ. ಆದರೆ ಹೊರಗೆ ಕುರ್ಚಿ ಮೇಜು ಹಾಕಿದಿರಿ, ಬಾಗಿಲ ಮೇಲಿನ ನೆರಳಿನ ಬಟ್ಟೆ ಬಿಚ್ಚಿದಿರಿ ಅನ್ನಿ, ಆಗ ಅದು ಕ್ಯಾಂಪಿಂಗ್. ರಸ್ತೆ ಇರುವುದು ಓಡಾಟಕ್ಕೆ, ಬಿಡಾರ ಹೂಡಲು ಅಲ್ಲ ಅಲ್ವಾ? ದಂಡ ಬೀಳಬಹುದು. ರಕ್ಷಿತ ಅರಣ್ಯ, ನದಿ ದಡದಂಥ ಕಡೆ ಇನ್ನೂ ಬಿಗಿ.

ಎರಡು ಮೂರು ದಿನ ಆರಾಮಾಗಿ ಇರಬೇಕೆಂದರೆ ‘ಸ್ಟೆಲ್‌ಪ್ಲಾಟ್ಸ್’ ಹುಡುಕಿ. ಮೋಟಾರ್‌ಹೋಮ್ ನಿಲ್ಲಿಸಲೆಂದೇ ಮಾಡಿಟ್ಟ ಜಾಗಗಳಿವು. ಕ್ಯಾಂಪ್‌ಸೈಟ್‌ಗಿಂತ ಸಾಮಾನ್ಯವಾಗಿ ಅಗ್ಗ, ಕೆಲವು ಕಡೆ ಪುಕ್ಕಟೆ. ಜರ್ಮನಿಯಲ್ಲಿ ಹೀಗೆ ಸುತ್ತುವುದು ಇಷ್ಟು ಸಲೀಸಾಗಿರುವುದೇ ಇವುಗಳಿಂದ ಅನ್ನುವುದು ನನ್ನ ಅಭಿಪ್ರಾಯ. ಸಣ್ಣ ಸಣ್ಣ ಊರಲ್ಲೂ ಇರುತ್ತವೆ. ಮೊಸೆಲ್ ನದಿಯ ಕಣಿವೆಯಲ್ಲಂತೂ ವೈನ್ ಮಾಡುವ ರೈತರೇ ತಮ್ಮ ದ್ರಾಕ್ಷಿ ತೋಟದ ಪಕ್ಕ ಜಾಗ ಕೊಡುತ್ತಾರೆ.

50 ಸೆಂಟ್, 1 ಯೂರೋ ನಾಣ್ಯಗಳನ್ನು ಜಾಸ್ತಿನೇ ಇಟ್ಟುಕೊಳ್ಳಿ. ಎಷ್ಟೋ ಕಡೆ ನಾಣ್ಯ ಹಾಕಿದರೇ ಕರೆಂಟು, ಕುಡಿಯುವ ನೀರು. ಪಾತ್ರೆ ತೊಳೆದ ನೀರು, ಟಾಯ್ಲೆಟ್ ಟ್ಯಾಂಕು ಖಾಲಿ ಮಾಡುವುದು ಅದಕ್ಕಿರುವ ಜಾಗದಲ್ಲೇ. ರಸ್ತೆ ಚರಂಡಿಗೆ ಖಂಡಿತ ಸುರಿಯಬೇಡಿ.