ಮಂಡಿನೋವಿರುವ ಅಮ್ಮನಿಗೆ ಹಳೇ ಕಟ್ಟಡದ ಹೋಟೆಲ್ ಆಗುತ್ತದೆಯೇ?

ತಿಪಟೂರಿನಿಂದ ಅಮ್ಮನನ್ನು ಕರೆದುಕೊಂಡು ಮೈಸೂರಿನ ಮೆಟ್ರೊಪೋಲ್‌ನಲ್ಲಿ ಎರಡು ರಾತ್ರಿ ತಂಗಬೇಕು, ಮಂಡಿನೋವಿನವರಿಗೆ ಹಳೇ ಕಟ್ಟಡ ಹೊಂದುತ್ತದೆಯೇ ಅಂತ ಕೇಳಿದ್ದೀರಿ. ಖಂಡಿತ ಹೋಗಿ ಸರ್. ಆದರೆ ಕೆಳಗಿನ ರೂಮೇ ಬೇಕು ಅಂತ ಫೋನ್ ಮಾಡಿ ಹೇಳಿ, ಬುಕಿಂಗ್ ಆ್ಯಪಿನಲ್ಲಿ ಬರೆದು ಸುಮ್ಮನಾಗಬೇಡಿ. ನಾವು ತುಮಕೂರಿನಿಂದ ಅತ್ತೆಯವರನ್ನು ಬೇರೊಂದು ಊರಿನ ಇಂಥದೇ ಹೋಟೆಲಿಗೆ ಕರೆದೊಯ್ದಾಗ ಮಹಡಿ ಮೇಲಿನ ರೂಮು ಕೊಟ್ಟರು. ಲಿಫ್ಟ್ ಇಲ್ಲ, ಕಡಿದಾದ ಮರದ ಮೆಟ್ಟಿಲು. ಪಾಪ, ಎರಡು ದಿನವೂ ಅವರು ಕೆಳಗಿಳಿಯಲಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಮೆಟ್ರೊಪೋಲ್ ಕಟ್ಟಿದ್ದು 1920ರಲ್ಲಿ, ನಾಲ್ವಡಿಯವರ ಕಾಲದಲ್ಲಿ, ಮಹಾರಾಜರ ಬ್ರಿಟಿಷ್ ಅತಿಥಿಗಳಿಗೆಂದು. ಅಂಥ ಕಟ್ಟಡಗಳ ದಪ್ಪ ಗೋಡೆ, ಎತ್ತರದ ಸೂರು ಬೇಸಿಗೆಯಲ್ಲಿ ನಮ್ಮ ತೊಟ್ಟಿಮನೆಗಳ ಹಾಗೇ ತಂಪು. ಬಿಸಿಗಾಳಿ ಮೇಲೇರಿಬಿಡುತ್ತದೆ, ಗೋಡೆ ಬೇಗ ಕಾಯುವುದಿಲ್ಲ. ಅದೇ ಗೋಡೆ ಮೊಬೈಲ್ ಸಿಗ್ನಲ್ಲನ್ನೂ ತಡೆಯಬಹುದು.

ಹಳೇ ಕಟ್ಟಡಗಳಲ್ಲಿ ಬಚ್ಚಲುಮನೆ ಎಷ್ಟೋ ಸಲ ಆಮೇಲೆ ಸೇರಿಸಿದ್ದಾಗಿರುತ್ತದೆ. ಹಾಗಾಗಿ ಬಾಗಿಲಲ್ಲಿ ಒಂದು ಮೆಟ್ಟಿಲು ಇದೆಯಾ, ಹಿಡಿದುಕೊಳ್ಳಲು ಗೋಡೆಗೆ ಕಂಬಿ ಇದೆಯಾ ಕೇಳಿ. ರಸ್ತೆ ಕಡೆಯ ರೂಮು ಬೇಡ, ಒಳಾಂಗಣದ ಕಡೆಯದು ಕೇಳಿ. ರಾತ್ರಿ ಹೊಸ್ತಿಲ ಹತ್ತಿರ ಒಂದು ದೀಪ ಉರಿಯುತ್ತಿರಲಿ, ಅಮ್ಮ ಎಡವಬಾರದು. ದಸರಾ ಸಮಯವಾದರೆ ಈಗಲೇ ಫೋನ್ ಮಾಡಿಬಿಡಿ.